ಆಶುಭಾಷಣಕ್ಕೆ ಆಫ್ರಿಕಾ ಪ್ರಚಲಿತ ವಿದ್ಯಮಾನ: ಮೂರು ವಾರದಲ್ಲಿ ತಯಾರಿ ಹೇಗೆ?

ದುರ್ಗದಮೇಷ್ಟ್ರು:

ಚಿತ್ರದುರ್ಗದ ಪಿಯು ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮುಂದಿನ ತಿಂಗಳು ದಾವಣಗೆರೆಯಲ್ಲಿ ಅಂತರ ಕಾಲೇಜು ಆಶುಭಾಷಣ ಸ್ಪರ್ಧೆ ಇದೆ. ಈ ಸಲ ಒಂದೇ ಕ್ಷೇತ್ರ: ‘ಆಫ್ರಿಕಾ ಖಂಡ, ಪ್ರಚಲಿತ ವಿದ್ಯಮಾನ’. ವೇದಿಕೆ ಹತ್ತುವ 20 ನಿಮಿಷ ಮುಂಚೆ ಮೂರು ಚೀಟಿ ಎತ್ತಿ ಒಂದನ್ನು ಇಟ್ಟುಕೊಳ್ಳಬೇಕು. ತಯಾರಿ ಕೋಣೆಗೆ ಮೊಬೈಲ್ ಬಿಡುವುದಿಲ್ಲ, ಕೈಬರಹದ ಅಥವಾ ಮುದ್ರಿತ ಟಿಪ್ಪಣಿ ಒಯ್ಯಬಹುದು. ವೇದಿಕೆ ಮೇಲೆ ಅಂಗೈ ಅಗಲದ ಒಂದು ಚೀಟಿ ಮಾತ್ರ. ಮಾತು 6 ನಿಮಿಷ, ಆಮೇಲೆ ತೀರ್ಪುಗಾರರಿಂದ ಎರಡು ಪ್ರಶ್ನೆ.

ಇಬ್ಬರು ವಿದ್ಯಾರ್ಥಿನಿಯರು ಹೊರಟಿದ್ದಾರೆ. ಇಬ್ಬರಿಗೂ ಮಾತು ಚೆನ್ನಾಗಿ ಬರುತ್ತದೆ. ಆದರೆ ಆಫ್ರಿಕಾ ಅಂದರೆ ಗಾಂಧೀಜಿ, ಮಂಡೇಲಾ, ಸಹರಾ ಮರುಭೂಮಿ, ಕುನೋಗೆ ಬಂದ ಚೀತಾ, ಅಲ್ಲಿಗೆ ಮುಗಿಯಿತು. ದಿನಕ್ಕೆ ಒಂದು ಗಂಟೆಯಂತೆ ಮೂರು ವಾರ ಸಿಗುತ್ತದೆ. ಅಷ್ಟು ದೇಶಗಳಲ್ಲಿ ಯಾವುದನ್ನು ಓದಿಸಬೇಕು, ಯಾವುದನ್ನು ಬಿಡಬೇಕು? ಕನ್ನಡ ಪತ್ರಿಕೆಗಳ ವಿದೇಶ ಪುಟದಲ್ಲಿ ಆಫ್ರಿಕಾ ಬರುವುದೇ ಅಪರೂಪ. ಮಕ್ಕಳ ಇಂಗ್ಲಿಷ್ ಸಾಧಾರಣ. ಟಿಪ್ಪಣಿಯನ್ನು ಹೇಗೆ ಮಾಡಿಸಿದರೆ 20 ನಿಮಿಷದಲ್ಲಿ ಕೈಗೆ ಸಿಗುತ್ತದೆ? ತಿಳಿದವರು ಹೇಳಿ.

ಬೆಣ್ಣೆನಗರಿ:

ಮೇಷ್ಟ್ರೇ, ದೇಶದ ಪಟ್ಟಿ ಹಿಡಿದು ಕೂತರೆ ಮೂರು ವಾರ ಅಲ್ಲ, ಮೂರು ತಿಂಗಳೂ ಸಾಲದು. ರಾಜಧಾನಿ, ನಾಣ್ಯ, ಅಧ್ಯಕ್ಷರ ಹೆಸರು ಕಂಠಪಾಠ ಮಾಡಿದ ಹುಡುಗರು ರಸಪ್ರಶ್ನೆಗೆ ಸರಿ. ಆಶುಭಾಷಣದ ಚೀಟಿಯಲ್ಲಿ ಬರುವುದು ‘ಏಕೆ’ ಮತ್ತು ‘ಮುಂದೇನು’. ಅದಕ್ಕೆ ಎಳೆ ಹಿಡಿದು ಓದಿಸ್ರಿ. ಐದು ಎಳೆ ಸಾಕು ಅನ್ನುವುದು ನನ್ನ ಲೆಕ್ಕ.

ಮೊದಲನೆಯದು ಸೇನಾ ದಂಗೆಗಳು. 2020ರಲ್ಲಿ ಮಾಲಿಯಿಂದ ಶುರುವಾಗಿ 2021ರಲ್ಲಿ ಗಿನಿ ಮತ್ತು ಸುಡಾನ್, 2022ರಲ್ಲಿ ಬುರ್ಕಿನಾ ಫಾಸೋದಲ್ಲಿ ಒಂದೇ ವರ್ಷ ಎರಡು ಸಲ, 2023ರ ಜುಲೈನಲ್ಲಿ ನೈಜರ್, ಆಗಸ್ಟ್‌ನಲ್ಲಿ ಗಬಾನ್, 2025ರಲ್ಲಿ ಮಡಗಾಸ್ಕರ್ ಮತ್ತು ಗಿನಿ ಬಿಸ್ಸಾವ್. ಇಷ್ಟು ಸಾಲು ಒಂದು ಕಾರ್ಡ್. ಅದರ ಬೆನ್ನಿಗೆ ಇನ್ನೊಂದು ಕಾರ್ಡ್: ಮಾಲಿ, ಬುರ್ಕಿನಾ ಫಾಸೋ, ನೈಜರ್ ಸೇರಿ 2023ರ ಸೆಪ್ಟೆಂಬರ್‌ನಲ್ಲಿ ‘ಸಾಹೇಲ್ ದೇಶಗಳ ಕೂಟ’ (ಸಾಹೇಲ್ ಅಂದರೆ ಸಹರಾದ ದಕ್ಷಿಣ ಅಂಚಿನ ಪಟ್ಟಿ) ಕಟ್ಟಿಕೊಂಡವು, 2025ರ ಜನವರಿ 29ಕ್ಕೆ ಪಶ್ಚಿಮ ಆಫ್ರಿಕಾದ ಆರ್ಥಿಕ ಸಮುದಾಯ ಎಕೋವಾಸ್‌ನಿಂದ ಅಧಿಕೃತವಾಗಿ ಹೊರಬಂದವು. ಇವು ಫ್ರಾನ್ಸಿನ ಸೈನಿಕರನ್ನು ಹೊರಗೆ ಕಳಿಸಿ ರಷ್ಯಾವನ್ನು ಕರೆದದ್ದು, ಜಿಹಾದಿ ಗುಂಪುಗಳ ದಾಳಿ ನಿಲ್ಲದಿರುವುದು ಎರಡನ್ನೂ ಅಲ್ಲೇ ಬರೆಸಿ. ಜನ ಏಕೆ ಸೇನೆಗೆ ಚಪ್ಪಾಳೆ ತಟ್ಟಿದರು ಎಂಬುದಕ್ಕೆ ಉತ್ತರ ಇಲ್ಲದಿದ್ದರೆ ಆ ಕಾರ್ಡ್ ಅರ್ಧ ಖಾಲಿ.

ಎರಡನೆಯದು ಯುದ್ಧಗಳು: ಸುಡಾನ್ ಮತ್ತು ಪೂರ್ವ ಕಾಂಗೋ. ಸುಡಾನ್‌ನದು 2023ರ ಏಪ್ರಿಲ್ 15ರಂದು ಶುರುವಾದ, ಜನರಲ್ ಬುರ್ಹಾನ್ ಅವರ ಸೇನೆ ಮತ್ತು ಹೆಮೆಡ್ತಿ ಎಂದು ಕರೆಯುವ ದಗಾಲೋ ಅವರ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ನಡುವಿನ ಕಾಳಗ. 2025ರ ಆರಂಭದ ಹೊತ್ತಿಗೆ ಮನೆ ಬಿಟ್ಟವರು 1.2 ಕೋಟಿಗೂ ಹೆಚ್ಚು. ವಿಶ್ವಸಂಸ್ಥೆ ಇದನ್ನು ಜಗತ್ತಿನ ಅತಿ ದೊಡ್ಡ ಸ್ಥಳಾಂತರ ಸಂಕಟ ಎಂದು ಕರೆದಿದೆ. ಕಾಂಗೋದಲ್ಲಿ 2025ರ ಜನವರಿಯಲ್ಲಿ ಗೋಮಾ, ಫೆಬ್ರವರಿಯಲ್ಲಿ ಬುಕಾವು ನಗರಗಳು ಎಂ23 ಬಂಡುಕೋರರ ಕೈಗೆ ಹೋದವು. ಬೆನ್ನಿಗೆ ರುವಾಂಡಾ ಇದೆ ಎಂಬುದು ವಿಶ್ವಸಂಸ್ಥೆಯ ತಜ್ಞರ ವರದಿಗಳು ಹೇಳುವ ಮಾತು, ರುವಾಂಡಾ ಒಪ್ಪುವುದಿಲ್ಲ. ಎರಡೂ ದೇಶ 2025ರ ಜೂನ್ 27ರಂದು ವಾಷಿಂಗ್ಟನ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಸಹಿ ಬಿತ್ತು ಅಂದರೆ ಶಾಂತಿ ಬಂತು ಅಂತ ಹುಡುಗಿಯರು ಹೇಳಬಾರದು.

ಮೂರನೆಯದು ಸಾಲ ಮತ್ತು ಬೆಲೆಯೇರಿಕೆ. ಜಾಂಬಿಯಾ 2020ರಲ್ಲಿ, ಘಾನಾ 2022ರಲ್ಲಿ, ಇಥಿಯೋಪಿಯಾ 2023ರ ಡಿಸೆಂಬರ್‌ನಲ್ಲಿ ವಿದೇಶಿ ಸಾಲದ ಕಂತು ಕಟ್ಟಲಾಗದೆ ಕೈ ಚೆಲ್ಲಿದವು. ಕೀನ್ಯಾ ತೆರಿಗೆ ಏರಿಸಲು ಹೋಗಿ 2024ರ ಜೂನ್ 25ರಂದು ಯುವಕರು ಸಂಸತ್ತಿನೊಳಗೇ ನುಗ್ಗಿದರು. ಮರುದಿನ ಅಧ್ಯಕ್ಷ ರೂಟೊ ಹಣಕಾಸು ಮಸೂದೆ ಹಿಂಪಡೆದರು. ಸಾಲ, ತೆರಿಗೆ, ಬೀದಿ: ಈ ಮೂರರ ಸರಪಳಿ ಗೊತ್ತಾದರೆ ಹತ್ತು ಚೀಟಿಗೆ ಉತ್ತರ ಸಿಗುತ್ತದೆ.

ನಾಲ್ಕನೆಯದು ಚುನಾವಣೆಗಳು, ಇದನ್ನು ಬಹಳ ಜನ ಮರೀತಾರೆ. 2024ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಮಂಡೇಲಾ ಅವರ ಎಎನ್‌ಸಿ ಪಕ್ಷ ಸುಮಾರು ಶೇ 40ಕ್ಕೆ ಇಳಿದು 30 ವರ್ಷಗಳಲ್ಲಿ ಮೊದಲ ಬಾರಿಗೆ ಬಹುಮತ ಕಳೆದುಕೊಂಡಿತು. ಸೆನೆಗಲ್‌ನಲ್ಲಿ ಬಸಿರು ಜೊಮಾಯ್ ಫಾಯ್ ಜೈಲಿನಿಂದ ಬಿಡುಗಡೆಯಾಗಿ ಹತ್ತೇ ದಿನಕ್ಕೆ ಮತದಾನ ನಡೆದು ಗೆದ್ದರು. ಬೋಟ್ಸ್ವಾನಾದಲ್ಲಿ ಸ್ವಾತಂತ್ರ್ಯ ಬಂದಾಗಿನಿಂದ 58 ವರ್ಷ ಆಳಿದ ಪಕ್ಷ ಸೋತು, ಸದ್ದಿಲ್ಲದೆ ಅಧಿಕಾರ ಬಿಟ್ಟುಕೊಟ್ಟಿತು. ದಂಗೆಯ ಎಳೆಗೆ ಇದೇ ಎದುರು ಎಳೆ. ಎರಡನ್ನೂ ಒಂದೇ ಭಾಷಣದಲ್ಲಿ ತಂದವರ ಮಾತಿಗೆ ತೂಕ ಬರುತ್ತದೆ.

ಐದನೆಯದು ಹೊರಗಿನವರು ಮತ್ತು ಖನಿಜ: ಚೀನಾ, ರಷ್ಯಾ, ಅಮೆರಿಕ, ಕೊಲ್ಲಿ ರಾಷ್ಟ್ರಗಳು, ಭಾರತ. ಬ್ಯಾಟರಿಗೆ ಬೇಕಾಗುವ ಕೋಬಾಲ್ಟ್ ಲೋಹ ಜಗತ್ತಿಗೆ ಸಿಗುವುದರಲ್ಲಿ ಸುಮಾರು ಶೇ 70 ಕಾಂಗೋ ಒಂದರಿಂದಲೇ ಬರುತ್ತದೆ ಎಂಬುದು ಇಲ್ಲಿನ ಮುಖ್ಯ ಅಂಕಿ. 2025ರ ಫೆಬ್ರವರಿಯಲ್ಲಿ ಕಾಂಗೋ ಬೆಲೆ ಕುಸಿತ ತಡೆಯಲು ಕೋಬಾಲ್ಟ್ ರಫ್ತನ್ನೇ ನಿಲ್ಲಿಸಿತು.

ಓದುವುದು ಎಲ್ಲಿ ಅಂದರೆ, ಸಾಧಾರಣ ಇಂಗ್ಲಿಷ್‌ಗೆ ಬಿಬಿಸಿ ಜಾಲತಾಣದ ದೇಶ ಪರಿಚಯ ಪುಟಗಳು ಮೊದಲ ಮೆಟ್ಟಿಲು; ಒಂದೊಂದು ಪುಟವೂ ಚಿಕ್ಕದು, ಕೊನೆಗೆ ಕಾಲಾನುಕ್ರಮ ಇರುತ್ತದೆ. ಆಮೇಲೆ ಅಲ್ ಜಜೀರಾದ ವಿವರಣಾ ಲೇಖನಗಳು. ‘ದಿ ಕಾನ್ವರ್ಸೇಷನ್’ ತಾಣದ ಆಫ್ರಿಕಾ ಆವೃತ್ತಿಯಲ್ಲಿ ಬರೆಯುವವರು ಪ್ರಾಧ್ಯಾಪಕರು, ಉಪಶೀರ್ಷಿಕೆಗಳಿರುವುದರಿಂದ ಮಕ್ಕಳಿಗೆ ದಾರಿ ತಪ್ಪುವುದಿಲ್ಲ. ಪ್ರಿಟೋರಿಯಾದ ಭದ್ರತಾ ಅಧ್ಯಯನ ಸಂಸ್ಥೆ ಐಎಸ್‌ಎಸ್ ಪ್ರಕಟಿಸುವ ಪುಟ್ಟ ಲೇಖನಗಳು ನಿಮಗೆ, ಮಕ್ಕಳಿಗಲ್ಲ. ಅಲ್ಲಿನವರ ದನಿ ಬೇಕೆಂದರೆ ನೈರೋಬಿಯ ನೇಷನ್, ನೈಜೀರಿಯಾದ ಪ್ರೀಮಿಯಂ ಟೈಮ್ಸ್, ದಕ್ಷಿಣ ಆಫ್ರಿಕಾದ ಡೇಲಿ ಮೇವರಿಕ್. ಭಾರತದ ಸಂಬಂಧಕ್ಕೆ ವಿದೇಶಾಂಗ ಸಚಿವಾಲಯದ ತಾಣದಲ್ಲಿ ದೇಶವಾರು ದ್ವಿಪಕ್ಷೀಯ ಟಿಪ್ಪಣಿಗಳಿವೆ, ಪಿಡಿಎಫ್ ಇಳಿಸಿಕೊಂಡು ಮುದ್ರಿಸಬಹುದು.

ಯೂಟ್ಯೂಬ್ ಬಗ್ಗೆ ಒಂದು ಎಚ್ಚರಿಕೆ. ಬುರ್ಕಿನಾ ಫಾಸೋದಲ್ಲಿ ದಂಗೆಯಿಂದ ಅಧಿಕಾರ ಹಿಡಿದ ಕ್ಯಾಪ್ಟನ್ ತ್ರವೋರೆ ಬಗ್ಗೆ ಕೃತಕ ಬುದ್ಧಿಮತ್ತೆಯಿಂದ ಹುಟ್ಟಿಸಿದ ವಿಡಿಯೊಗಳು ರಾಶಿ ರಾಶಿ ಓಡಾಡುತ್ತಿವೆ. ‘ಎಲ್ಲರಿಗೂ ಉಚಿತ ಮನೆ, ಸಾಲ ಪೂರ್ತಿ ತೀರಿತು’ ಅನ್ನುವ ಥರದವು. ಕೇಳಲು ರೋಮಾಂಚನ, ತೀರ್ಪುಗಾರರು ‘ಎಲ್ಲಿ ಓದಿದಿರಿ’ ಅಂದರೆ ಬಾಯಿ ಕಟ್ಟುತ್ತದೆ.

ಮಾರಿಕಣಿವೆ:

ಬೆಣ್ಣೆನಗರಿಯವರ ಎಳೆಯ ಮಾತು ಒಪ್ಪುತ್ತೇನೆ, ಪೂರ್ತಿ ಅಲ್ಲ. ಚೀಟಿಯಲ್ಲಿ ‘ಇಥಿಯೋಪಿಯಾಗೆ ಸಮುದ್ರದ ದಾರಿ ಏಕೆ ಬೇಕು?’ ಅಂತ ಬಂದರೆ ಐದು ಎಳೆಯ ಹುಡುಗಿ ತಡಕಾಡುತ್ತಾಳೆ. ಎಳೆಯ ಜೊತೆಗೆ ಆರು ದೇಶಗಳನ್ನಾದರೂ ಗಟ್ಟಿ ಮಾಡಿಸಿ: ನೈಜೀರಿಯಾ, ಇಥಿಯೋಪಿಯಾ, ಈಜಿಪ್ಟ್, ದಕ್ಷಿಣ ಆಫ್ರಿಕಾ, ಕಾಂಗೋ, ಕೀನ್ಯಾ. ಜನಸಂಖ್ಯೆ ಅಥವಾ ಆರ್ಥಿಕತೆಯಲ್ಲಿ ಇವೇ ದೊಡ್ಡಣ್ಣಂದಿರು, ಪಕ್ಕದ ದೇಶಗಳ ಸುದ್ದಿಯೂ ಇವುಗಳ ಸುತ್ತ ತಿರುಗುತ್ತದೆ. ಇಥಿಯೋಪಿಯಾ ಪ್ರಶ್ನೆಗೆ ಉತ್ತರ ಎರಡು ಸಾಲು: 1993ರಲ್ಲಿ ಎರಿಟ್ರಿಯಾ ಬೇರೆಯಾದಾಗ ಕಡಲ ತೀರವೂ ಅದರ ಜೊತೆ ಹೋಯಿತು, ಈಗ ಸರಕಿನ ಬಹುಪಾಲು ಜಿಬೂಟಿ ಬಂದರಿಗೆ ಬಾಡಿಗೆ ಕಟ್ಟಿ ತರಬೇಕು.

ಹೆಸರಿನ ಗೋಜಲು ಮೊದಲ ದಿನವೇ ಬಿಡಿಸಿಬಿಡಿ. ನೈಜರ್ ಬೇರೆ, ನೈಜೀರಿಯಾ ಬೇರೆ. ಕಾಂಗೋ ಎರಡು, ಒಂದರ ರಾಜಧಾನಿ ಕಿನ್ಶಾಸಾ, ಇನ್ನೊಂದರದು ಬ್ರಾಜಾವಿಲ್. ನಡುವೆ ಕಾಂಗೋ ನದಿ, ಎದುರುಬದುರು ದಡ. ಸುದ್ದಿಯಲ್ಲಿರುವುದು ಹೆಚ್ಚಾಗಿ ಕಿನ್ಶಾಸಾದ ಡಿಆರ್ ಕಾಂಗೋ. ಗಿನಿ, ಗಿನಿ ಬಿಸ್ಸಾವ್, ಈಕ್ವಟೋರಿಯಲ್ ಗಿನಿ ಮೂರು ದೇಶ. ಸುಡಾನ್‌ನಿಂದ ದಕ್ಷಿಣ ಸುಡಾನ್ 2011ರ ಜುಲೈ 9ರಂದು ಒಡೆಯಿತು. ಸ್ವಾಜಿಲ್ಯಾಂಡ್ 2018ರಿಂದ ಎಸ್ವಾಟಿನಿ. ಐವರಿ ಕೋಸ್ಟ್ ಸರ್ಕಾರ ತನ್ನನ್ನು ‘ಕೋತ್ ದಿವ್ವಾರ್’ ಅನ್ನುತ್ತದೆ, ಎರಡರಲ್ಲಿ ಒಂದನ್ನು ಹಿಡಿದು ಕೊನೆಯವರೆಗೂ ಅದನ್ನೇ ಬಳಸಲಿ. ಉಚ್ಚಾರಕ್ಕೆ ಇಂಗ್ಲಿಷ್ ಅಕ್ಷರ ನೋಡಿ ಊಹಿಸಬಾರದು. ಬಿಬಿಸಿ ವಾರ್ತೆಯಲ್ಲಿ ಕೇಳಿ ಕಾರ್ಡಿನ ಮೇಲೆ ಕನ್ನಡದಲ್ಲೇ ಬರೆಸಿ. ವಾಗಡೂಗು (ಬುರ್ಕಿನಾ ಫಾಸೋ ರಾಜಧಾನಿ), ಚಿಸೆಕೇಡಿ (ಡಿಆರ್ ಕಾಂಗೋದ ರಾಜಕಾರಣಿ), ಎನ್‌ಜಮೀನಾ (ಚಾಡ್ ರಾಜಧಾನಿ) ಹೀಗೆ. ಕನ್ನಡ ಲಿಪಿಯಲ್ಲಿದ್ದರೆ ವೇದಿಕೆ ಮೇಲೆ ನಾಲಿಗೆ ತೊಡರುವುದಿಲ್ಲ.

ಅಂಕಿಯಲ್ಲಿ ತಪ್ಪು ನುಸುಳುವುದು ಮಿಲಿಯನ್, ಬಿಲಿಯನ್ ಕನ್ನಡಕ್ಕೆ ತರುವಾಗ. ಒಂದು ಮಿಲಿಯನ್ ಹತ್ತು ಲಕ್ಷ, ಒಂದು ಬಿಲಿಯನ್ ನೂರು ಕೋಟಿ, ಒಂದು ಟ್ರಿಲಿಯನ್ ಲಕ್ಷ ಕೋಟಿ. 12 ಮಿಲಿಯನ್ ಜನ ಅಂದರೆ 1.2 ಕೋಟಿ, 12 ಕೋಟಿ ಅಲ್ಲ, 12 ಲಕ್ಷವೂ ಅಲ್ಲ. ಖಂಡದ ಜನಸಂಖ್ಯೆ 1.5 ಬಿಲಿಯನ್, ಅಂದರೆ ಸುಮಾರು 150 ಕೋಟಿ, ಹೆಚ್ಚೂಕಡಿಮೆ ಭಾರತದಷ್ಟೇ. ನೆಲ ಮಾತ್ರ ಭಾರತದ ಒಂಬತ್ತು ಪಟ್ಟು. ಕಾರ್ಡ್ ಬರೆಯುವಾಗಲೇ ಪರಿವರ್ತಿಸಿ ಬರೆಯಲಿ, ವೇದಿಕೆ ಮೇಲೆ ಮನಸ್ಸಿನಲ್ಲಿ ಲೆಕ್ಕ ಹಾಕಲು ಹೋದರೆ ಸೊನ್ನೆ ಜಾರುತ್ತದೆ.

ಇನ್ನೊಂದು ಸೂಕ್ಷ್ಮ: ‘ಉಪ-ಸಹರಾ ಆಫ್ರಿಕಾ’ ಎಂಬ ಅಂಕಿ ಇಡೀ ಖಂಡದ ಅಂಕಿಯಲ್ಲ. ಈಜಿಪ್ಟ್, ಲಿಬಿಯಾ, ಟುನೀಶಿಯಾ, ಅಲ್ಜೀರಿಯಾ, ಮೊರಾಕ್ಕೋ ಅದರಲ್ಲಿ ಇಲ್ಲ. ಐಎಂಎಫ್ ಲೆಕ್ಕದಲ್ಲಿ ಸುಡಾನ್, ಸೋಮಾಲಿಯಾ ಕೂಡ ಮಧ್ಯಪ್ರಾಚ್ಯದ ಗುಂಪಿಗೆ ಸೇರಿವೆ, ವಿಶ್ವಬ್ಯಾಂಕ್ ಲೆಕ್ಕ ಬೇರೆ. ಅದಕ್ಕೇ ಎರಡು ಕಡೆಯ ಬೆಳವಣಿಗೆ ದರ ತಾಳೆಯಾಗುವುದಿಲ್ಲ. ಐಎಂಎಫ್ ಅಂದಾಜು ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಬರುತ್ತದೆ, ವಿಶ್ವಬ್ಯಾಂಕಿನ ‘ಆಫ್ರಿಕಾಸ್ ಪಲ್ಸ್’ ಕೂಡ ವರ್ಷಕ್ಕೆ ಎರಡು ಸಲ. ಒಂದನ್ನೇ ಹಿಡಿಯಿರಿ, ತಿಂಗಳು ಮತ್ತು ವರ್ಷ ಹೇಳಿಸಿ. ಸ್ಥಳಾಂತರದ ಅಂಕಿಯಲ್ಲೂ ಹೀಗೇ: ದೇಶದೊಳಗೆ ಊರು ಬಿಟ್ಟವರು ಬೇರೆ, ಗಡಿ ದಾಟಿ ನಿರಾಶ್ರಿತರಾದವರು ಬೇರೆ. ಎರಡನ್ನೂ ಕೂಡಿಸಿದ ಸಂಖ್ಯೆಗೆ ‘ನಿರಾಶ್ರಿತರು’ ಎಂದರೆ ತಪ್ಪು.

ನಮ್ಮ ಕಡೆಯ ಮಕ್ಕಳಿಗೆ ತಲೆಗೆ ಹತ್ತುವ ವಿಷಯ ನೈಲ್ ನೀರಿನದು. ಇಥಿಯೋಪಿಯಾ ನೀಲಿ ನೈಲ್ ನದಿಗೆ ಗೂಬಾ ಎಂಬಲ್ಲಿ ಕಟ್ಟಿದ ಮಹಾ ಪುನರುತ್ಥಾನ ಅಣೆಕಟ್ಟು 2025ರ ಸೆಪ್ಟೆಂಬರ್ 9ರಂದು ಉದ್ಘಾಟನೆಯಾಯಿತು. ಸಂಗ್ರಹ 74 ಬಿಲಿಯನ್ ಘನ ಮೀಟರ್ ಅಂತ ಓದಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಒಂದು ಬಿಲಿಯನ್ ಘನ ಮೀಟರ್ ಅಂದರೆ 35.3 ಟಿಎಂಸಿ. 74ನ್ನು ಅದರಿಂದ ಗುಣಿಸಿ: ಸುಮಾರು 2,600 ಟಿಎಂಸಿ. ನಮ್ಮ ವಾಣಿವಿಲಾಸ ಸಾಗರ ತುಂಬಿ ಕೋಡಿ ಬಿದ್ದಾಗ ಸುಮಾರು 30 ಟಿಎಂಸಿ, ಭದ್ರಾ ಜಲಾಶಯ 71.5. ಎಂಬತ್ತಾರು ಮಾರಿಕಣಿವೆ ಅನ್ನಿ, ಮೂವತ್ತಾರು ಭದ್ರಾ ಅನ್ನಿ. ವಿದ್ಯುತ್ 5,150 ಮೆಗಾವಾಟ್, ನಮ್ಮ ಶರಾವತಿ ವಿದ್ಯುದಾಗಾರದ ಐದರಷ್ಟು. ದಾವಣಗೆರೆ ಸಭಾಂಗಣದಲ್ಲಿ ಈ ಹೋಲಿಕೆ ಕೊಟ್ಟರೆ ಹಿಂದಿನ ಸಾಲಿನವರೂ ತಲೆ ಎತ್ತುತ್ತಾರೆ. ಭದ್ರಾ ನಾಲೆಯ ಕೊನೆ ಭಾಗದ ರೈತನ ಭಯ ಏನು ಅಂತ ಅವರಿಗೆ ವಿವರಿಸಬೇಕಿಲ್ಲ. ಈಜಿಪ್ಟಿನ ಭಯವೂ ಅದೇ ಜಾತಿಯದು. ಈಜಿಪ್ಟ್ ಮತ್ತು ಸುಡಾನ್ 1959ರಲ್ಲಿ ತಾವಿಬ್ಬರೇ ಕೂತು ನೀರು ಹಂಚಿಕೊಂಡವು, ಈಜಿಪ್ಟಿಗೆ 55.5, ಸುಡಾನ್‌ಗೆ 18.5 ಬಿಲಿಯನ್ ಘನ ಮೀಟರ್. ಮೇಲ್ದಂಡೆಯ ಇಥಿಯೋಪಿಯಾಗೆ ಆ ಹಂಚಿಕೆಯಲ್ಲಿ ಒಂದು ಬೊಗಸೆಯೂ ಇರಲಿಲ್ಲ.

ಚನ್ನಗಿರಿಕಡೆಯವ:

ಸ್ಥಳೀಯ ಕೊಂಡಿ ಅಂದಿರಿ, ಇನ್ನೂ ಮೂರು ಇವೆ. ಚೆನ್ನಾಗಿ ಬಳಸಿದರೆ ಪೀಠಿಕೆ ತಾನೇ ಆಗುತ್ತೆ.

ಸುಡಾನ್ ಚೀಟಿ ಬಂದರೆ ಹಕ್ಕಿಪಿಕ್ಕಿ ಸಮುದಾಯದಿಂದ ಶುರು ಮಾಡಿಸಿ. 2023ರ ಏಪ್ರಿಲ್‌ನಲ್ಲಿ ಕಾಳಗ ಶುರುವಾದಾಗ ಗಿಡಮೂಲಿಕೆ ಎಣ್ಣೆ, ಔಷಧಿ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನ ಎಲ್ ಫಶೇರ್ ಊರಿನಲ್ಲಿ ಸಿಕ್ಕಿಬಿದ್ದಿದ್ದರು, ಅವರಲ್ಲಿ ನಮ್ಮ ಚನ್ನಗಿರಿಯವರೂ ಇದ್ದರು. ‘ಆಪರೇಷನ್ ಕಾವೇರಿ’ಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಸುಡಾನ್‌ನಿಂದ ಕರೆತಂದರು. ಅದೇ ಎಲ್ ಫಶೇರ್ 2025ರ ಅಕ್ಟೋಬರ್ ಕೊನೆಯಲ್ಲಿ, ಒಂದು ವರ್ಷಕ್ಕೂ ಮೀರಿದ ಮುತ್ತಿಗೆಯ ನಂತರ, ಆರ್‌ಎಸ್‌ಎಫ್ ವಶವಾಯಿತು. ಒಂದೇ ಊರಿನ ಹೆಸರು ಹಿಡಿದು ಎರಡೂವರೆ ವರ್ಷದ ಯುದ್ಧ ಹೇಳಬಹುದು. ಆದರೆ ಭಾರತೀಯರನ್ನು ಕರೆತಂದ ಕಥೆಯಲ್ಲೇ ಎರಡು ನಿಮಿಷ ಕಳೆಯಬಾರದು. ಚೀಟಿ ಕೇಳಿದ್ದು ಸುಡಾನ್, ನಮ್ಮ ವಿಮಾನ ಅಲ್ಲ. 30 ಸೆಕೆಂಡ್ ಸಾಕು.

ಎರಡನೆಯದು ತೊಗರಿ. ಬೇಳೆ ದರ ಏರಿದಾಗ 2016ರಲ್ಲಿ ಭಾರತ ಮೊಜಾಂಬಿಕ್ ಜೊತೆ ತೊಗರಿ ತರಿಸುವ ಒಡಂಬಡಿಕೆ ಮಾಡಿಕೊಂಡಿತು; ಟಾಂಜಾನಿಯಾ, ಮಲಾವಿಗಳಿಂದಲೂ ಬರುತ್ತದೆ. ಅಲ್ಲಿನ ರೈತ ಭಾರತದ ಕೊಳ್ಳುವಿಕೆಯನ್ನು ನಂಬಿ ಬಿತ್ತುತ್ತಾನೆ, ಇಲ್ಲಿನ ರೈತ ಆಮದು ಬಂದರೆ ಎಪಿಎಂಸಿಯಲ್ಲಿ ದರ ಬೀಳುತ್ತೆ ಅಂತ ಬೈಯುತ್ತಾನೆ. ‘ಭಾರತ-ಆಫ್ರಿಕಾ ವ್ಯಾಪಾರ’ ಚೀಟಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಹುಡುಕಬೇಕಿಲ್ಲ.

ಮೂರನೆಯದು ಮೆಕ್ಕೆಜೋಳದ ಫಾಲ್ ಸೈನಿಕ ಹುಳು, ನಮ್ಮಲ್ಲಿ ಲದ್ದಿ ಹುಳು ಅಂತಾರಲ್ಲ ಅದು. 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಂಡು ಎರಡೇ ವರ್ಷದಲ್ಲಿ ಉಪ-ಸಹರಾದ ಬಹುಪಾಲು ದೇಶಗಳಿಗೆ ಹಬ್ಬಿತು, 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಹೊಲಗಳಲ್ಲಿ ಸಿಕ್ಕಿತು. ಆಹಾರ ಭದ್ರತೆಯ ವಿಷಯಕ್ಕೆ ಬಳಸಿ. ಎಚ್ಚರ ಒಂದೇ: ‘ಆಫ್ರಿಕಾ ನಮಗೆ ಹುಳು ಕಳಿಸಿತು’ ಅಂತ ಬಾಯಿ ತಪ್ಪಿಯೂ ಬರಬಾರದು. ಅದರ ತವರು ಅಮೆರಿಕ ಖಂಡ.

ಗಂಟೆಬಾರಿಸುವವ:

ಓದಿನ ಬಗ್ಗೆ ಬೇಕಾದಷ್ಟು ಬಂತು. 20 ನಿಮಿಷದ ಕೋಣೆಯ ಬಗ್ಗೆ ಯಾರೂ ಹೇಳಲಿಲ್ಲ, ಅಂಕ ಹೋಗುವುದು ಅಲ್ಲೇ.

ದಪ್ಪ ಫೈಲ್ ಒಯ್ಯಬೇಡಿ. ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿದ ಕಾರ್ಡು, 40 ಮೀರದಂತೆ. ಒಂದು ಕಾರ್ಡಿಗೆ ಒಂದೇ ವಿಷಯ, ಒಂದೇ ಬದಿ. ಮೇಲೆ ವಿಷಯವನ್ನು ಪ್ರಶ್ನೆಯ ರೂಪದಲ್ಲಿ ಬರೆಸಿ. ‘ಸುಡಾನ್’ ಅಂತಲ್ಲ, ‘ಸುಡಾನ್ ಯುದ್ಧ ಏಕೆ ನಿಲ್ಲುತ್ತಿಲ್ಲ?’ ಅಂತ. ಅದರ ಕೆಳಗೆ ಮೂರು ಅಂಕಿ ಅಥವಾ ದಿನಾಂಕ, ಎರಡು ಹೆಸರು, ಒಂದು ಕಾರಣ, ಒಂದು ಪಕ್ಷದ ವಾದ, ಎದುರು ಪಕ್ಷದ ವಾದ, ಭಾರತದ ಕೊಂಡಿ, ಎಲ್ಲಿ ಓದಿದ್ದು. ಬಲ ಮೂಲೆಯಲ್ಲಿ ಬರೆದ ದಿನಾಂಕ. ಎಲ್ಲಕ್ಕೂ ಮೇಲೆ ಒಂದು ಸೂಚಿ ಹಾಳೆ, ಕಾರ್ಡಿನ ಸಂಖ್ಯೆ ಮತ್ತು ಪ್ರಶ್ನೆ. ಅದೊಂದು ಇಲ್ಲದೆ 40 ಕಾರ್ಡು ಇದ್ದರೂ ಸಂತೆಯಲ್ಲಿ ಮಗು ಹುಡುಕಿದ ಹಾಗೆ.

ಇಬ್ಬರೂ ಒಂದೇ ಕಾರ್ಡು ಬರೆಯುವುದು ಬೇಡ. 20, 20 ಹಂಚಿಕೊಳ್ಳಲಿ, ಆದರೆ ಬರೆದವಳು ಇನ್ನೊಬ್ಬಳಿಗೆ ಐದು ನಿಮಿಷ ಪಾಠ ಮಾಡಬೇಕು, ಕೇಳಿದವಳು ಮೂರು ಪ್ರಶ್ನೆ ಹಾಕಬೇಕು. ಬರೀ ಜೆರಾಕ್ಸ್ ಮಾಡಿಕೊಂಡ ಕಾರ್ಡು ಕೋಣೆಯಲ್ಲಿ ಅಪರಿಚಿತನ ಮುಖ ನೋಡಿದ ಹಾಗಿರುತ್ತದೆ.

ಕೋಣೆಯಲ್ಲಿ ಮೊದಲ 2 ನಿಮಿಷ ಚೀಟಿ ಆಯ್ಕೆಗೆ. ಸುಲಭ ಅನ್ನಿಸಿದ್ದನ್ನಲ್ಲ, ಎರಡು ಪಕ್ಷ ಗೊತ್ತಿರುವುದನ್ನು ಆರಿಸಬೇಕು. ‘ಆಫ್ರಿಕಾದಲ್ಲಿ ಬಡತನ’ ಸುಲಭವಾಗಿ ಕಂಡರೂ ಅದೊಂದು ಬಾವಿ, ಬಿದ್ದವರು 6 ನಿಮಿಷವೂ ಉಪದೇಶ ಮಾಡಿ ಏಳುತ್ತಾರೆ. ಆಮೇಲೆ ಒಂದೇ ವಾಕ್ಯದ ಉತ್ತರ ಬರೆಯಲಿ. ಚೀಟಿ ‘ಸಾಹೇಲ್ ದೇಶಗಳು ಎಕೋವಾಸ್ ಬಿಟ್ಟದ್ದು ಲಾಭವೋ ನಷ್ಟವೋ?’ ಅಂದರೆ ಉತ್ತರ ಲಾಭ ಅಥವಾ ನಷ್ಟ ಅಂತಾದರೂ ಇರಲಿ, ಷರತ್ತಿನ ಜೊತೆಗಾದರೂ ಇರಲಿ, ಆದರೆ ಇರಲೇಬೇಕು. ಆ ವಾಕ್ಯಕ್ಕೆ ಎರಡೇ ಕಾರಣ, ಮೂರನೆಯದಕ್ಕೆ ಸಮಯ ಇಲ್ಲ. ಮುಂದೆ 8-10 ನಿಮಿಷ ಕಾರ್ಡಿನಿಂದ ಆಧಾರ ಆರಿಸುವುದು, ಉಳಿದಷ್ಟೂ ಹೊತ್ತು ಗೋಡೆಗೆ ಮುಖ ಮಾಡಿ ಗಟ್ಟಿಯಾಗಿ ಹೇಳುವುದು. ಕೊನೆ ಕ್ಷಣದವರೆಗೂ ಬರೆಯುತ್ತಾ ಕೂತವರು ವೇದಿಕೆಯಲ್ಲಿ ಓದುತ್ತಾರೆ, ಮಾತಾಡುವುದಿಲ್ಲ.

ಕನ್ನಡದಲ್ಲಿ ಸ್ಪಷ್ಟವಾಗಿ ಮಾತಾಡಿದರೆ ನಿಮಿಷಕ್ಕೆ 90ರಿಂದ 100 ಪದ. ಅಂದರೆ 6 ನಿಮಿಷಕ್ಕೆ 550ರ ಆಸುಪಾಸು, ಅದಕ್ಕಿಂತ ಹೆಚ್ಚು ತುಂಬಿದರೆ ಓಟ ಶುರುವಾಗುತ್ತದೆ. ಇಡೀ ಭಾಷಣದಲ್ಲಿ ಅಂಕಿ ಆರು ಮೀರದಿರಲಿ. ‘ಸನ್ಮಾನ್ಯ ಅಧ್ಯಕ್ಷರೇ, ವೇದಿಕೆ ಮೇಲಿರುವ ಗಣ್ಯರೇ’ 15 ಸೆಕೆಂಡಿಗೆ ಮುಗಿಯಬೇಕು. ಕೆಲವರು ಅಲ್ಲೇ ಮುಕ್ಕಾಲು ನಿಮಿಷ ತಿಂದು ಕೊನೆಗೆ ಗಂಟೆ ಹೊಡೆದಾಗ ಎರಡನೇ ಕಾರಣದ ನಡುವೆ ನಿಂತಿರುತ್ತಾರೆ. ಐದನೇ ನಿಮಿಷದ ಗಂಟೆಗೆ ಮುಂದೇನು ಎಂಬ ಭಾಗಕ್ಕೆ ಬಂದಿರಬೇಕು.

ತೀರ್ಪುಗಾರರ ಎರಡು ಪ್ರಶ್ನೆ ಬಹುಪಾಲು ಊಹಿಸಬಹುದು. ಒಂದು, ‘ಈ ಅಂಕಿ ಎಲ್ಲಿಯದು?’ ಎರಡು, ‘ನಿಮ್ಮ ವಾದಕ್ಕೆ ವಿರುದ್ಧವಾದ ಉದಾಹರಣೆ ಇದೆಯಲ್ಲ?’ ಕಾರ್ಡಿನಲ್ಲಿ ಮೂಲ ಮತ್ತು ಎದುರು ವಾದ ಬರೆಯಲು ಹೇಳಿದ್ದು ಅದಕ್ಕೇ.

ದುರ್ಗದಮೇಷ್ಟ್ರು:

ಎಲ್ಲರಿಗೂ ನಮಸ್ಕಾರ, ಇಷ್ಟು ನಿರೀಕ್ಷಿಸಿರಲಿಲ್ಲ. ಒಬ್ಬ ಹುಡುಗಿ ಅಭ್ಯಾಸಕ್ಕೆ ಬರೆದ ಪೀಠಿಕೆ ಇಲ್ಲಿ ಹಾಕುತ್ತಿದ್ದೇನೆ, ಮುಲಾಜಿಲ್ಲದೆ ತಿದ್ದಿ:

“ಕತ್ತಲೆಯ ಖಂಡ ಎಂದೇ ಹೆಸರಾದ ಆಫ್ರಿಕಾದಲ್ಲಿ 55 ದೇಶಗಳಿವೆ. ಹಸಿವು, ಬಡತನ, ಯುದ್ಧಗಳಿಂದ ನರಳುತ್ತಿರುವ ಆಫ್ರಿಕನ್ನರು ಇಂದು ಸೇನಾಡಳಿತದಲ್ಲಿ ಬದುಕುತ್ತಿದ್ದಾರೆ. 2023ರಲ್ಲಿ ಭಾರತವು ಆಫ್ರಿಕಾದ ದೇಶಗಳನ್ನು ಜಿ20ಗೆ ಸೇರಿಸಿ ದನಿ ನೀಡಿತು. ಇಥಿಯೋಪಿಯಾ ಈಜಿಪ್ಟಿಗೆ ಹೋಗುವ ನೈಲ್ ನದಿಯ ನೀರನ್ನು ತಡೆದು ನಿಲ್ಲಿಸಿದೆ.”

ಮಾರಿಕಣಿವೆ:

ಭಾಷೆ ಚೆನ್ನಾಗಿದೆ, ಹುಡುಗಿ ಬೆಳೀತಾಳೆ. ಆದರೆ ನಾಲ್ಕು ವಾಕ್ಯದಲ್ಲಿ ನಾಲ್ಕೂ ತಿದ್ದಬೇಕು ಮೇಷ್ಟ್ರೇ.

‘ಕತ್ತಲೆಯ ಖಂಡ’ ವಸಾಹತು ಕಾಲದ ಯುರೋಪಿಯನ್ನರು ಇಟ್ಟ ಹೆಸರು, ಅವರಿಗೆ ಗೊತ್ತಿಲ್ಲದ ನೆಲ ಎಂಬ ಅರ್ಥದಲ್ಲಿ. ಇಂದಿನ ವೇದಿಕೆಯಲ್ಲಿ ಅದು ಮೊದಲ ಸಾಲಿಗೇ ಕಳೆಯುವ ಅಂಕ. ವಿಶ್ವಸಂಸ್ಥೆಯ ಸದಸ್ಯರಾದ ಆಫ್ರಿಕನ್ ದೇಶಗಳು 54. ಆಫ್ರಿಕನ್ ಒಕ್ಕೂಟದ ಸದಸ್ಯರು 55. ಹೆಚ್ಚುವರಿ ಒಂದು ಸಹ್ರಾವಿ ಗಣರಾಜ್ಯ, ಅಂದರೆ ಮೊರಾಕ್ಕೋ ತನ್ನದೆನ್ನುವ ಪಶ್ಚಿಮ ಸಹರಾ. ಯಾವ ಸಂಖ್ಯೆ ಹೇಳುತ್ತಾಳೋ ಯಾವ ಸಂಸ್ಥೆಯ ಲೆಕ್ಕ ಅಂತಲೂ ಹೇಳಲಿ. ತೀರ್ಪುಗಾರರು ಕೆದಕಿದರೆ ಈ ಉತ್ತರವೇ ಒಂದು ಬೋನಸ್.

ಎರಡನೇ ವಾಕ್ಯದಲ್ಲಿ ‘ಆಫ್ರಿಕನ್ನರು’ ಎಲ್ಲರನ್ನೂ ಸೇನೆಯ ಕೆಳಗೆ ತಂದಿದ್ದಾಳೆ. ಸೇನೆ ಆಳುವುದು ಬೆರಳೆಣಿಕೆಯ ದೇಶಗಳಲ್ಲಿ. ಘಾನಾ, ಬೋಟ್ಸ್ವಾನಾ, ಸೆನೆಗಲ್, ಮಲಾವಿಗಳಲ್ಲಿ 2024-25ರಲ್ಲೇ ಮತದಿಂದ ಸರ್ಕಾರ ಬದಲಾಗಿವೆ. ಒಂದು ದೇಶದ ಹೆಸರು ಹಾಕಿದರೆ ವಾಕ್ಯ ನಿಜವಾಗುತ್ತದೆ, ಖಂಡದ ಹೆಸರು ಹಾಕಿದರೆ ಸುಳ್ಳಾಗುತ್ತದೆ. ಇದನ್ನು ಪರೀಕ್ಷೆಯಾಗಿ ಇಟ್ಟುಕೊಂಡು ಅವಳ ಪ್ರತಿ ಬರಹವನ್ನೂ ಜರಡಿ ಹಿಡಿಯಿರಿ.

ಜಿ20: ದಕ್ಷಿಣ ಆಫ್ರಿಕಾ ಮೊದಲಿನಿಂದಲೂ ಸದಸ್ಯ. 2023ರ ಸೆಪ್ಟೆಂಬರ್‌ನಲ್ಲಿ ಭಾರತದ ಅಧ್ಯಕ್ಷತೆಯ ದೆಹಲಿ ಶೃಂಗಸಭೆಯಲ್ಲಿ ಕಾಯಂ ಸದಸ್ಯತ್ವ ಪಡೆದದ್ದು ಆಫ್ರಿಕನ್ ಒಕ್ಕೂಟ ಎಂಬ ಸಂಸ್ಥೆ. ‘ದನಿ ನೀಡಿತು’ ಅನ್ನುವುದಕ್ಕಿಂತ ‘ದೆಹಲಿಯಲ್ಲಿ ಒಕ್ಕೂಟಕ್ಕೆ ಕುರ್ಚಿ ಸಿಕ್ಕಿತು’ ಅನ್ನಲಿ. ಅವರಿಗೆ ದನಿ ಮೊದಲೇ ಇತ್ತು.

ನೈಲ್ ವಾಕ್ಯ ಅಪಾಯದ್ದು. ಇದು ವಿದ್ಯುತ್ ಅಣೆಕಟ್ಟು. ಟರ್ಬೈನ್ ತಿರುಗಬೇಕಾದರೆ ನೀರು ಕೆಳಗೆ ಹರಿಯಲೇಬೇಕು, ಕಾಲುವೆಗೆ ತಿರುಗಿಸಿ ನೀರಾವರಿ ಮಾಡುವ ಕಟ್ಟೆಯಲ್ಲ. ಜಗಳ ಇರುವುದು ತುಂಬಿಸುವ ವೇಗದ ಬಗ್ಗೆ, ಸಾಲು ಸಾಲು ಬರ ಬಂದ ವರ್ಷಗಳಲ್ಲಿ ಎಷ್ಟು ಬಿಡಬೇಕು ಎಂಬ ಬಗ್ಗೆ, ಮತ್ತು ಆ ಲೆಕ್ಕವನ್ನು ಬದ್ಧ ಒಪ್ಪಂದವಾಗಿ ಬರೆಯಲು ಇಥಿಯೋಪಿಯಾ ಒಪ್ಪದಿರುವ ಬಗ್ಗೆ. ಇಥಿಯೋಪಿಯಾ, ಈಜಿಪ್ಟ್, ಸುಡಾನ್ ಮೂರೂ ದೇಶಗಳು 2015ರ ಮಾರ್ಚ್‌ನಲ್ಲಿ ಖಾರ್ಟೂಮ್‌ನಲ್ಲಿ ಸಹಿ ಹಾಕಿದ ತತ್ವಗಳ ಘೋಷಣೆ ಇದೆ, ಬರಗಾಲದ ನೀರಿನ ಲೆಕ್ಕ ಅದರಲ್ಲಿಲ್ಲ. ನಮ್ಮ ಕಾವೇರಿ ವಿವಾದದಲ್ಲಿ ‘ಸಂಕಷ್ಟ ಸೂತ್ರ’ ಅಂತ ಓದುತ್ತೀವಲ್ಲ, ಹೆಚ್ಚುಕಡಿಮೆ ಅದೇ ಗಂಟು.

ಹೀಗೆ ಶುರು ಮಾಡಿದರೆ ಹೇಗೆ ನೋಡಿ: “ನಮ್ಮ ವಾಣಿವಿಲಾಸ ಸಾಗರದಂಥ ಎಂಬತ್ತಾರು ಕೆರೆಗಳನ್ನು ಒಟ್ಟಿಗೆ ಸೇರಿಸಿದರೆ ಎಷ್ಟು ನೀರೋ ಅಷ್ಟನ್ನು ಇಥಿಯೋಪಿಯಾ ಒಂದೇ ಕಟ್ಟೆಯ ಹಿಂದೆ ಹಿಡಿದಿಡಬಲ್ಲದು. ಆ ನೀರು ಬರಗಾಲದ ವರ್ಷದಲ್ಲಿ ಯಾರದು ಎಂದು ಎಲ್ಲರೂ ಒಪ್ಪಿದ ಯಾವ ಕಾಗದದಲ್ಲೂ ಬರೆದಿಲ್ಲ.” ಎರಡು ವಾಕ್ಯ, ಸುಮಾರು 15 ಸೆಕೆಂಡ್.

ಬೆಣ್ಣೆನಗರಿ:

ಮಾರಿಕಣಿವೆಯವರು ಆರು ದೇಶ ಸೇರಿಸಿದ್ದು ಸರಿ, ನನ್ನ ಐದು ಎಳೆಗೆ ಅದು ಬೇಕಿತ್ತು. ಹಾಗಾದರೆ ಲೆಕ್ಕ ಹೀಗೆ ಬರುತ್ತೆ: ಎಳೆಗೆ ನಾಲ್ಕರಂತೆ 20 ಕಾರ್ಡು, ದೇಶಕ್ಕೆ ಎರಡರಂತೆ 12, ಉಳಿದ 8 ಆಫ್ರಿಕನ್ ಒಕ್ಕೂಟ, ಆಫ್ರಿಕಾ ಖಂಡದ ಮುಕ್ತ ವ್ಯಾಪಾರ ವಲಯ, ಹವಾಮಾನ, ಭಾರತದ ಸಂಬಂಧಕ್ಕೆ. ಮುಕ್ತ ವ್ಯಾಪಾರ ವಲಯದ ಕಾರ್ಡಿಗೆ: ಒಪ್ಪಂದ 2018ರ ಮಾರ್ಚ್‌ನಲ್ಲಿ ರುವಾಂಡಾದ ಕಿಗಾಲಿಯಲ್ಲಿ, ವ್ಯಾಪಾರ ಶುರು 2021ರ ಜನವರಿ 1ರಿಂದ, ಕಚೇರಿ ಘಾನಾದ ಆಕ್ರಾದಲ್ಲಿ, ಸಹಿ ಹಾಕದೇ ಉಳಿದದ್ದು ಎರಿಟ್ರಿಯಾ ಒಂದೇ.

ದಿನಕ್ಕೆ ಎರಡು ಕಾರ್ಡಿನಂತೆ ಒಬ್ಬೊಬ್ಬಳಿಗೆ ಹತ್ತು ದಿನ. ಮುಂದಿನ ಒಂದು ವಾರ ಬರೀ ಚೀಟಿ ಎತ್ತಿ ಮಾತು. ಚೀಟಿಗಳನ್ನು ನೀವೇ ಬರೀಬೇಡಿ, ಸಹೋದ್ಯೋಗಿಗಳಿಂದ ಬರೆಸಿ. ನಿಮ್ಮ ಚೀಟಿಗೆ ನಿಮ್ಮ ಕಾರ್ಡೇ ಉತ್ತರ ಆಗಿರುತ್ತೆ. ಸಿಟಿಗೆ ಬರುವ ಹಿಂದಿನ ರಾತ್ರಿ ಸುದ್ದಿ ಹೊಸದಾಗಿ ಓದಿಸಬೇಡಿ, ಕಾರ್ಡಿನಲ್ಲಿರುವ ಅಧ್ಯಕ್ಷರು ಇನ್ನೂ ಅದೇ ಕುರ್ಚಿಯಲ್ಲಿದ್ದಾರಾ, ಯಾವ ಊರು ಯಾರ ಕೈಯಲ್ಲಿದೆ, ಕದನ ವಿರಾಮ ಉಳಿದಿದೆಯಾ ಅಂತ ಮಾತ್ರ ನೋಡಲಿ. ಅದಕ್ಕೆ ಹೆಸರು, ಊರುಗಳನ್ನು ಪೆನ್ಸಿಲ್‌ನಲ್ಲಿ ಬರೆಸಿರಿ, ಉಳಿದದ್ದು ಪೆನ್ನಿನಲ್ಲಿ.